ಏನೂ ಇಲ್ಲ ಎಂದು ಬರೆಯುವ ಮೊದಲು

ಹಾಸನ, ಬಿ.ಎಂ. ರಸ್ತೆ, ಔಷಧಿ ಅಂಗಡಿಯ ಮಹಡಿ.
ಕಿಟಕಿಗೆ ಕಪ್ಪು ಪರದೆ, ಹಗಲಲ್ಲೇ ನನಗೆ ಕತ್ತಲ ಕೆಲಸ.
ಗದ್ದ ಇಲ್ಲಿಡಿ, ಹಣೆ ತಾಗಿಸಿ, ಹಸಿರು ಚುಕ್ಕೆ ನೋಡಿ,
ರೆಪ್ಪೆ ಬಡೀಬೇಡಿ ಅನ್ನುತ್ತೇನೆ.
ಅಂದ ಕೂಡಲೇ ಎಲ್ಲರೂ ಬಡಿಯುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ಡಾಕ್ಟರ್ ಜಿನದತ್ತ
ರೋಗದ ಒಂದು ಚಿತ್ರವನ್ನೂ ತೋರಿಸಲಿಲ್ಲ.
ಆರುನೂರು ಒಳ್ಳೆಯ ಕಣ್ಣು ತೆರೆದಿಟ್ಟು, ನೋಡು ಅಂದರು.
ಏನು ನೋಡಲಿ ಸರ್?
ಬೇಜಾರಾಗುವ ತನಕ ನೋಡು. ಆಮೇಲೆ
ಬೇಜಾರು ಹೋಗುವ ತನಕ.

ನೋಡಿದೆ.
ಕಿತ್ತಳೆ ನೆಲ. ಮೂಗಿನ ಕಡೆಗೆ ನರದ ಬಿಲ್ಲೆ,
ತಿಳಿ ಸೀಬೆಯ ಒಳಬಣ್ಣ, ನಡುವೆ ಪುಟ್ಟ ಬಟ್ಟಲು.
ಅಲ್ಲಿಂದ ಹೊರಟ ರಕ್ತನಾಳಗಳು ಜೋಡಿ ಜೋಡಿ,
ದಪ್ಪದ್ದು ಕಪ್ಪುಗೆಂಪು, ಸಣ್ಣದ್ದು ತಿಳಿಗೆಂಪು,
ಮೂರಕ್ಕೆ ಎರಡರ ಲೆಕ್ಕ;
ಒಂದನ್ನೊಂದು ದಾಟುವಲ್ಲಿ ಹಿಸುಕದೆ, ನೂಕದೆ,
ಸಂತೆಪೇಟೆಯ ಇಕ್ಕಟ್ಟಿನಲ್ಲಿ ಎದುರಾದ ಹೆಂಗಸರ ಹಾಗೆ
ಓರೆಯಾಗಿ ಸರಿದುಕೊಂಡು.
ಆಚೆಗೆ, ಯಾವ ನಾಳವೂ ಕಾಲಿಡದ ಒಂದು ಬಯಲು.
ಸೂಜಿಗೆ ದಾರ, ಬಸ್ಸಿನ ಬೋರ್ಡು, ಕೂಸಿನ ಹುಬ್ಬು
ಎಲ್ಲ ಕಾಣುವುದು ಅಲ್ಲಿಂದ.
ಬಿಲ್ಲೆ ಇರುವಲ್ಲಿ ಮಾತ್ರ ಪೂರಾ ಕುರುಡು.
ಒಳ್ಳೆಯ ಕಣ್ಣಿಗೂ ಒಂದು ಕುರುಡು ಜಾಗ ಇರಲೇಬೇಕು,
ಇಲ್ಲದ್ದು ಕಂಡರೆ ನನ್ನನ್ನು ಕರಿ,
ಅಂದು ಊಟಕ್ಕೆ ಹೋದರು ಡಾಕ್ಟರು.

ಅಮ್ಮ ಮಂಡಿಯಲ್ಲಿ ಬೀಜದ ಆಲೂಗಡ್ಡೆ ಕೊಯ್ಯುತ್ತಿದ್ದಳು.
ಮೇ ತಿಂಗಳು, ಜಲಂಧರದ ಮೂಟೆ,
ಹೋಳಿಗೆ ಎರಡು ಕಣ್ಣು ತಪ್ಪುವಂತಿಲ್ಲ.
ಅವಳು ಗಡ್ಡೆಯ ಕಡೆ ನೋಡುತ್ತಲೇ ಇರಲಿಲ್ಲ,
ಪಕ್ಕದವಳ ಜೊತೆ ಮಾತು; ಎಣಿಸುತ್ತಿದ್ದದ್ದು ಹೆಬ್ಬೆರಳು.
ಕೊಳೆತದ್ದು ಮೂಗಿಗೇ ಗೊತ್ತಾಗ್ತದೆ ಕಣೆ,
ಚೆನ್ನಾಗಿರೋದನ್ನ ಕೈ ಕಲೀಬೇಕು.

ಕಲಿತೂ ತಪ್ಪಿದೆ.
ಕೋಲ್ಡ್ ಸ್ಟೋರೇಜಿನಲ್ಲಿ ಮೂಟೆ ಹೊರುವ ಸಣ್ಣಸ್ವಾಮಿ,
ವಯಸ್ಸು ಇಪ್ಪತ್ತೊಂದು, ತಲೆನೋವು ಅಂತ ಬಂದವನು.
ಚಿತ್ರದಲ್ಲಿ ನಾಳಗಳ ಗುಂಟ ಬಿಳಿ ಮಿರುಗು,
ಒದ್ದೆ ರೇಷ್ಮೆಯನ್ನು ಬಿಸಿಲಿಗೆ ಹಿಡಿದಂತೆ.
ಡಾಕ್ಟರು ಊರಲ್ಲಿರಲಿಲ್ಲ.
"ಊತವಿರಬಹುದು" ಎಂದು ಬರೆದು ಮೈಸೂರಿಗೆ ಕಳಿಸಿದೆ.
ಬರೆಯುವಾಗ, ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಆಗಿತ್ತು.

ನಾಲ್ಕನೇ ದಿನ ಬಂದು ಮೇಜಿನ ಮೇಲೆ ಚೀಟಿ ಇಟ್ಟ.
ಎಳೆಯ ಕಣ್ಣು. ಎಳೆಯ ಕಣ್ಣು ಹೀಗೇ ಹೊಳೆಯುತ್ತದೆ.
ವಯಸ್ಸಾದ ಹಾಗೆ ತಾನೇ ಮಾಸುತ್ತದೆ.
ಕೂಲಿ ಹೋದ ಎರಡು ದಿನಕ್ಕೆ ನನ್ನ ಪರ್ಸು ತೆಗೆದರೆ
ಕೈ ಹಿಂದಕ್ಕೆ ಕಟ್ಟಿಕೊಂಡ.

ಬಿಡಕ್ಕ. ಹೋಗ್ತಾ ರೈಲು ಹೊಳೆನರಸೀಪುರದ ಸೇತುವೆಗೆ ಬಂತಲ್ಲ,
ಇನ್ಮ್ಯಾಲೆ ಕಾಣ್ತದೋ ಇಲ್ವೋ ಅಂತ ಬಾಗಿಲಲ್ಲಿ ನಿಂತು
ಹೊಳೆ ನೋಡ್ದೆ.
ಇಪ್ಪತ್ತು ಸಲ ದಾಟಿದೀನಿ,
ಹೊಳೆ ಅಷ್ಟು ಹೊಳೀತದೆ ಅಂತ ಗೊತ್ತೇ ಇರ್ನಿಲ್ಲ.
ಮತ್ತೆ ಬರ್ತಾ?
ಬರ್ತಾ, ಕಣ್ಣು ಸರಿಯದೆ ಅಂದ್ರಲ್ಲ,
ನಿದ್ದೆ ಹೋಗ್ಬಿಟ್ಟೆ.

ಈಗ ದಿನಾ ಬೆಳಿಗ್ಗೆ ಲೆನ್ಸು ಒರೆಸುತ್ತೇನೆ, ಎರಡು ಸಲ.
ಒಂದು ಧೂಳಿನ ಕಣ ಸಾಕು
ಹತ್ತು ಜನರ ಕಣ್ಣಲ್ಲಿ ಒಂದೇ ಜಾಗದಲ್ಲಿ ರೋಗವಾಗಿ ಕೂರಲು.
ಫಾರಂನಲ್ಲಿ ರೋಗಕ್ಕೆ ಹದಿನೇಳು ಸಾಲಿದೆ.
ಒಳ್ಳೆಯ ಕಣ್ಣಿಗೆ ಒಂದು ಚೌಕ, ಅದಕ್ಕೊಂದು ಗೀಟು.

ನಿನ್ನೆ ಕೊನೆಗೆ ದುದ್ದದ ಬೋರಮ್ಮ,
ಕೊನೇ ಬಸ್ಸಿನ ಚಿಂತೆಯಲ್ಲಿ ಕುರ್ಚಿಯ ತುದಿಗೆ ಕೂತವಳು.
ಬಲಗಣ್ಣು, ಎಡಗಣ್ಣು, ಬಿಲ್ಲೆ, ಬಟ್ಟಲು, ಬಯಲು.
ಏನದೆ ತಾಯಿ?
ಏನೂ ಇಲ್ಲ ಅಜ್ಜಿ.
ಸೆರಗು ಸರಿಮಾಡಿಕೊಂಡು, ಚೀಲ ಎತ್ತಿಕೊಂಡು,
ಬಾಗಿಲವರೆಗೂ ಹೋಗಿ ತಿರುಗಿದಳು:

ಏನೂ ಇಲ್ದೇ ಇದ್ರೆ
ಅಷ್ಟೊತ್ತು ಏನ್ ನೋಡ್ತಿದ್ದೆ?